ವಾರಂಟಿ ಮುಗಿದರೂ ರೀಕಾಲ್ ಮುಗಿಯದು

ಪ್ರಶ್ನೆ: ನಮ್ಮದು ಒಂಬತ್ತು ವರ್ಷ ಹಳೆಯ ಸೆಕೆಂಡ್ ಹ್ಯಾಂಡ್ ಕಾರು. ಏರ್‌ಬ್ಯಾಗ್ ರೀಕಾಲ್ ಆಗಿದೆಯಂತೆ. ವಾರಂಟಿ ಮುಗಿದಿದೆ, ಗಾಡಿ ಚೆನ್ನಾಗಿಯೇ ಓಡುತ್ತಿದೆ. ಸರ್ವಿಸ್ ಸೆಂಟರ್‌ಗೆ ಹೋಗಲೇಬೇಕೆ?
– ಓದುಗರು, ಉಡುಪಿ

ಉತ್ತರ: ಹೋಗಲೇಬೇಕು, ಅದೂ ತಡಮಾಡದೆ. ವಾರಂಟಿ ಎಂದರೆ ಇಷ್ಟು ವರ್ಷ, ಇಷ್ಟು ಕಿಲೋಮೀಟರ್ ಎಂದು ಕಂಪನಿ ಗಡುವು ಹಾಕಿ ಕೊಟ್ಟ ಭರವಸೆ. ರೀಕಾಲ್ ಹಾಗಲ್ಲ, ಗಾಡಿ ಕಾರ್ಖಾನೆಯಿಂದ ಹೊರಬಿದ್ದಾಗಲೇ ಅದರಲ್ಲಿ ದೋಷವಿತ್ತೆಂದು ತಯಾರಕರೇ ಒಪ್ಪಿಕೊಂಡಂತೆ. ಹಾಗಾಗಿ ಬಿಡಿಭಾಗಕ್ಕಾಗಲಿ ಕೂಲಿಗಾಗಲಿ ನೀವು ಹಣ ಕೊಡಬೇಕಿಲ್ಲ. ರೀಕಾಲ್ ಅಂಟಿಕೊಂಡಿರುವುದು ಚಾಸಿ ನಂಬರ್‌ಗೆ, ಮಾಲೀಕರ ಹೆಸರಿಗಲ್ಲ. ಸೆಕೆಂಡ್ ಹ್ಯಾಂಡ್ ಎಂಬ ಅಳುಕು ಬೇಡ.

ಚೆನ್ನಾಗಿ ಓಡುತ್ತಿದೆಯಲ್ಲ ಎಂಬ ವಾದ ಬ್ರೇಕಿಗೆ, ಕ್ಲಚ್ಚಿಗೆ ಒಪ್ಪೀತು. ಅವು ಸವೆಯುತ್ತಾ ಸುಳಿವು ಕೊಡುತ್ತವೆ. ಏರ್‌ಬ್ಯಾಗನ್ನು ಉಬ್ಬಿಸುವ ಇನ್‌ಫ್ಲೇಟರ್ ಸದ್ದಿಲ್ಲದೆ ಕೆಡಬಲ್ಲದು. ಜಪಾನಿನ ಟಕಾಟಾ ಕಂಪನಿಯ ಇನ್‌ಫ್ಲೇಟರ್‌ಗಳಲ್ಲಿದ್ದ ಅಮೋನಿಯಂ ನೈಟ್ರೇಟ್ ವರ್ಷಗಟ್ಟಲೆ ಸೆಕೆ, ತೇವಕ್ಕೆ ಕೆಟ್ಟು, ಅಪಘಾತದ ಹೊತ್ತಿಗೆ ಲೋಹದ ಡಬ್ಬಿಯೇ ಸಿಡಿದು, ಚೂರುಗಳು ಒಳಗಿದ್ದವರ ಮುಖ, ಕತ್ತಿಗೆ ಹೊಕ್ಕವು. ಆ ಸೆಕೆ, ತೇವ ಎರಡೂ ನಿಮ್ಮ ಕರಾವಳಿಯಲ್ಲಿ ಧಾರಾಳ.

ಇದಕ್ಕಾಗಿ ಒಂದು ದಿನದ ಕೆಲಸ ಕೆಡಬಹುದು, ನಿಜ. ಜೀವದ ಮುಂದೆ ಅದು ದೊಡ್ಡದಲ್ಲ. ಆರ್‌ಸಿಯಲ್ಲಿರುವ 17 ಅಕ್ಷರ, ಅಂಕಿಗಳ ಚಾಸಿ ನಂಬರನ್ನು ಕಾರು ಕಂಪನಿಯ ವೆಬ್‌ಸೈಟಿನಲ್ಲಿ ಹಾಕಿ ನೋಡಿ. ರಿಪೇರಿಯಾದ ಮೇಲೆ ಜಾಬ್ ಕಾರ್ಡಿನಲ್ಲಿ ರೀಕಾಲ್ ಕೆಲಸವೆಂದೇ ಬರೆಸಿಕೊಳ್ಳಿ. ಹಣ ಕೇಳಿದರೆ ಕಾರಣವನ್ನು ಬರವಣಿಗೆಯಲ್ಲಿ ಪಡೆಯಿರಿ; ಆಮೇಲೆ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆಮಾಡಿ. ಅಲ್ಲೂ ಬಗೆಹರಿಯದಿದ್ದರೆ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಿ.