ಬೆಕ್ಕುಮೀನಿನ ಆಹಾರದಲ್ಲಿ ಬೆಳ್ಳುಳ್ಳಿ, ಅರಿಷಿಣದ ಬಳಕೆ

ಅಮೀನಗಡದ ಸಂತೆಯಲ್ಲಿ ಕುರಿಯ ಬೆನ್ನ ಮೇಲೆ ಕೈಯಾಡಿಸಿ ಅದರ ಮೈ ಅಳೆಯುವ ರೈತರಿಗೆ ನೀರಿನೊಳಗಿನ ಮೀನು ಕಣ್ಣಿಗೂ ಕೈಗೂ ಸಿಗದು. ಆದ್ದರಿಂದಲೇ 'ಈ ಪುಡಿ ಬೆರೆಸಿದರೆ ಮೀನು ಬೇಗ ಬೆಳೆಯುತ್ತದೆ' ಎಂಬ ಮಾತಿಗೆ ಮರುಳಾಗಿ ಹಣ ಕಳೆದುಕೊಳ್ಳುವ ಸಂಭವ ಹೆಚ್ಚು. ಮನೆಯಲ್ಲಿಯೇ ಇರುವ ಕೆಲವು ಸಸ್ಯ ಪದಾರ್ಥಗಳಿಂದ ಪ್ರಯೋಜನವುಂಟು. ಆದರೆ ಅದಕ್ಕೊಂದು ಮಿತಿಯುಂಟು.

ಯಾವ ಮೀನು?

ಕೃಷಿ ಹೊಂಡಗಳಲ್ಲಿ ಬೇಸಿಗೆ ಸಮೀಪಿಸಿದಂತೆ ನೀರು ಇಳಿದು ಆಮ್ಲಜನಕ ಕಡಿಮೆಯಾಗುತ್ತದೆ. ದೇಶೀಯ ಮಾಗೂರ್ ಮೀನು ನೀರಿನ ಮೇಲೆ ಬಂದು ಗಾಳಿಯನ್ನು ನೇರವಾಗಿ ಉಸಿರಾಡುವುದರಿಂದ ಇಂಥ ಸ್ಥಿತಿಯನ್ನು ಗೆಂಡೆ ಮೀನುಗಳಿಗಿಂತ ಚೆನ್ನಾಗಿ ತಾಳಿಕೊಳ್ಳುತ್ತದೆ. ಆದರೆ ಬೇಗ ಬೆಳೆಯುತ್ತದೆಂದು ಆಫ್ರಿಕನ್ ಕ್ಯಾಟ್‌ಫಿಶ್ ಸಾಕಬಾರದು. ಇತರ ಮೀನುಗಳನ್ನು ತಿಂದುಹಾಕುವ ಈ ಮೀನಿನ ಸಾಕಣೆಯನ್ನು ಭಾರತದಲ್ಲಿ 2000ರಲ್ಲಿಯೇ ನಿಷೇಧಿಸಲಾಗಿದೆ. ಮಾಗೂರ್ ಮಳೆಯಲ್ಲಿ ತೆವಳಿ ಹೊರಹೋಗುವುದರಿಂದ ಹೊಂಡದ ಸುತ್ತ ಬಲೆ ಕಟ್ಟುವುದು ಅವಶ್ಯ.

ಸಸ್ಯ ಪದಾರ್ಥಗಳ ಕೆಲಸ

ಬೆಳ್ಳುಳ್ಳಿಯನ್ನು (ಬಳ್ಳೊಳ್ಳಿ) ಜಜ್ಜಿದಾಗ ಅಲಿಸಿನ್ ಎಂಬ ವಸ್ತು ಉಂಟಾಗುತ್ತದೆ. ಇದು ಹಲವು ಬ್ಯಾಕ್ಟೀರಿಯಾಗಳನ್ನು ತಡೆಯುತ್ತದೆ. ಅರಿಷಿಣದಲ್ಲಿರುವ ಕರ್ಕ್ಯುಮಿನ್ ಉರಿಯೂತವನ್ನು ಕಡಿಮೆ ಮಾಡುವ ಗುಣ ಹೊಂದಿದೆ. ಬೆಕ್ಕುಮೀನುಗಳ ಮೇಲೆ ವಿದೇಶಗಳಲ್ಲಿ ನಡೆದ ಅನೇಕ ಪ್ರಯೋಗಗಳಲ್ಲಿ ಇವುಗಳಿಂದ ಬೆಳವಣಿಗೆ ಹಾಗೂ ರೋಗನಿರೋಧಕ ಶಕ್ತಿ ಸುಧಾರಿಸಿದೆ. ಆದರೆ ಪ್ರಮಾಣ ಹೆಚ್ಚಿಸಿದಷ್ಟೂ ಲಾಭ ಹೆಚ್ಚುವುದಿಲ್ಲ. ನುಗ್ಗೆಸೊಪ್ಪಿನ ಪುಡಿಯಲ್ಲಿ ಸಸಾರಜನಕವಿದ್ದರೂ ಟ್ಯಾನಿನ್, ಸಪೋನಿನ್‌ಗಳೂ ಇರುವುದರಿಂದ ಅದು ಆಹಾರದ ಶೇ. 10ನ್ನು ಮೀರಬಾರದು.

ತಯಾರಿಸುವ ವಿಧಾನ (10 ಕಿ.ಗ್ರಾಂ ಆಹಾರಕ್ಕೆ)

ಮೀನಿನ ಪುಡಿ 3 ಕಿ.ಗ್ರಾಂ, ಶೇಂಗಾ ಹಿಂಡಿ 4 ಕಿ.ಗ್ರಾಂ, ಅಕ್ಕಿ ತೌಡು 2.8 ಕಿ.ಗ್ರಾಂ, ಖನಿಜ-ಜೀವಸತ್ವ ಮಿಶ್ರಣ 200 ಗ್ರಾಂ. ಇದರಿಂದ ಸುಮಾರು ಶೇ. 35 ಸಸಾರಜನಕ ದೊರೆಯುತ್ತದೆ. ಬೂಷ್ಟು ಹಿಡಿದ ಹಿಂಡಿಯಲ್ಲಿ ಅಫ್ಲಾಟಾಕ್ಸಿನ್ ವಿಷವಿರಬಹುದಾದ್ದರಿಂದ ಅದನ್ನು ಬಳಸಕೂಡದು.

ಮೊದಲ ಮೂರನ್ನು ನೀರಿನಲ್ಲಿ ಕಲಸಿ, ಹಬೆಯಲ್ಲಿ ಅರ್ಧ ಗಂಟೆ ಬೇಯಿಸಿ ಆರಿಸಬೇಕು. 300 ಗ್ರಾಂ ಹಸಿ ಬೆಳ್ಳುಳ್ಳಿಯನ್ನು ಜಜ್ಜಿ 10 ನಿಮಿಷ ಬಿಟ್ಟು, ತಣ್ಣಗಾದ ಹಿಟ್ಟಿಗೆ ಖನಿಜ ಮಿಶ್ರಣದೊಂದಿಗೆ ಸೇರಿಸಬೇಕು. ಬೆಳ್ಳುಳ್ಳಿಯನ್ನು ಮೊದಲೇ ಬೇಯಿಸಿದರೆ ಅಲಿಸಿನ್ ಉಂಟಾಗುವುದಿಲ್ಲ. ಬೆಳ್ಳುಳ್ಳಿಯ ಬದಲು ಅರಿಷಿಣವಾದರೆ 50 ಗ್ರಾಂ ಪುಡಿ ಸಾಕು. ನಂತರ ಶಾವಿಗೆ ಒರಳಿನಲ್ಲಿ ಒತ್ತಿ ನೆರಳಿನಲ್ಲಿ ಒಣಗಿಸಬೇಕು.

ಕೊಡುವ ಪ್ರಮಾಣ

ತಲಾ 50 ಗ್ರಾಂ ತೂಕದ 1,000 ಮೀನುಗಳ ಒಟ್ಟು ತೂಕ 50 ಕಿ.ಗ್ರಾಂ. ಶೇ. 3ರಂತೆ ದಿನಕ್ಕೆ 1.5 ಕಿ.ಗ್ರಾಂ ಆಹಾರ ಬೇಕು. ಮಾಗೂರ್ ರಾತ್ರಿ ಚುರುಕಾಗಿರುವುದರಿಂದ ಹೆಚ್ಚಿನ ಪಾಲನ್ನು ಸಂಜೆ ಕೊಡುವುದು ಉತ್ತಮ.

ತೂಗಿ ನೋಡಿ ನಂಬುವುದು

ಹೊಂಡದಲ್ಲಿ ಎರಡು ಬಲೆಯ ಪಂಜರಗಳನ್ನಿಟ್ಟು ಸಮಸಂಖ್ಯೆಯ ಮೀನು ಬಿಡಬೇಕು. ಒಂದಕ್ಕೆ ಬೆಳ್ಳುಳ್ಳಿ ಬೆರೆಸಿದ, ಇನ್ನೊಂದಕ್ಕೆ ಬೆರೆಸದ ಆಹಾರ ಕೊಟ್ಟು ಹದಿನೈದು ದಿನಕ್ಕೊಮ್ಮೆ ತೂಗಬೇಕು. ಕೊಟ್ಟ ಆಹಾರವನ್ನು ಹೆಚ್ಚಿದ ತೂಕದಿಂದ ಭಾಗಿಸಬೇಕು. ಉದಾಹರಣೆಗೆ, 3 ಕಿ.ಗ್ರಾಂ ಬೆಳವಣಿಗೆಗೆ ಒಂದರಲ್ಲಿ 6 ಕಿ.ಗ್ರಾಂ, ಇನ್ನೊಂದರಲ್ಲಿ 5.4 ಕಿ.ಗ್ರಾಂ ಆಹಾರ ಖರ್ಚಾದರೆ ಉಳಿತಾಯ 600 ಗ್ರಾಂ. ಅದರ ಬೆಲೆ ಬೆಳ್ಳುಳ್ಳಿಯ ಖರ್ಚಿಗಿಂತ ಹೆಚ್ಚಾಗಿದ್ದರೆ ಮಾತ್ರ ಮುಂದುವರಿಸಬೇಕು.

ಬೆಳ್ಳುಳ್ಳಿಯಾಗಲಿ ಅರಿಷಿಣವಾಗಲಿ ಕೊಳೆತ ನೀರನ್ನು ಶುದ್ಧ ಮಾಡಲಾರವು, ಸಸಾರಜನಕದ ಕೊರತೆಯನ್ನು ತುಂಬಲಾರವು. ಮೀನುಗಳ ಮೈಮೇಲೆ ಹುಣ್ಣು ಕಂಡರೆ ಅಥವಾ ಅವು ಸಾಯತೊಡಗಿದರೆ ಅಂಗಡಿಯ ಔಷಧಿ ಸುರಿಯದೆ ತಡಮಾಡದೆ ಮೀನುಗಾರಿಕೆ ಇಲಾಖೆಯ ಅಧಿಕಾರಿಗಳನ್ನು ಕಾಣುವುದು ಕ್ಷೇಮ. ಕ್ಲೋರಾಂಫೆನಿಕಾಲ್, ನೈಟ್ರೋಫ್ಯೂರಾನ್‌ಗಳನ್ನು ಮೀನು ಸಾಕಣೆಯಲ್ಲಿ ಬಳಸುವುದು ನಿಷಿದ್ಧ.