ಹಸು ಎಲ್ಲಿ?

ಮಗಾ, ಪೊಂಗಲ್ ರಜೆಗೆ ನೀನೂ ನಿನ್ನ ಬೆಂಗಳೂರಿನ ಗೆಳೆಯರೂ ಕಂಬೈನಲ್ಲೂರಿನ ನಮ್ಮ ಜಗಲಿಯ ಮೇಲೆ ಕೂತು ಡಂಜನ್ಸ್ ಅಂಡ್ ಡ್ರಾಗನ್ಸ್ ಆಡಿದ್ದನ್ನು ಮೊದಲಿಂದ ಕೊನೆತನಕ ನೋಡಿದೆ. ತಾತ ಈಜಿಚೇರಿನಲ್ಲಿ ತೂಕಡಿಸುತ್ತಿದ್ದಾನೆ ಅಂದುಕೊಂಡಿರಿ. ತೂಕಡಿಸಿದ್ದು ನಾನಲ್ಲ, ಮಾಂತ್ರಿಕನ ಪಾತ್ರ ಹಿಡಿದಿದ್ದ ನಿಮ್ಮ ಹುಡುಗ. ಎಂಟು ಗಾಬ್ಲಿನ್‌ಗಳ ಜೊತೆ ಕಾದಾಟ ಶುರುವಾದಾಗ ಅಂಗಳದಲ್ಲಿ ಬಿಸಿಲಿತ್ತು, ಮುಗಿಯುವ ಹೊತ್ತಿಗೆ ನಿಮ್ಮಜ್ಜಿ ದೀಪ ಹಚ್ಚಿಯಾಗಿತ್ತು. ಅವನ ಸರದಿ ಬಂದಾಗಲೆಲ್ಲ ಯಾರಾದರೂ ತಿವಿಯಬೇಕು. ಇಪ್ಪತ್ತು ಮುಖದ ದಾಳ ಉರುಳಿಸುತ್ತಿದ್ದ, ತಗುಲಿತೋ ಇಲ್ಲವೋ ನೋಡುತ್ತಿದ್ದ, ಮತ್ತೆ ಮೊಬೈಲಿಗೆ ಮರಳುತ್ತಿದ್ದ.

ರಾತ್ರಿ ಊಟಕ್ಕೆ ಕೂತಾಗ ಕೇಳಿದೆನಲ್ಲ, ಆ ಗಾಬ್ಲಿನ್‌ಗಳು ಯಾಕಪ್ಪಾ ಹೊಡೆದಾಡಿದವು ಅಂತ. ‘ಅವು ಅಲ್ಲಿದ್ದವು ತಾತ’ ಅಂದೆ. ಆ ಮಾತು ಕೊರೆಯುತ್ತಲೇ ಇದೆ, ಅದಕ್ಕೇ ಈ ಕಾಗದ.

ಕಾದಾಟ ಬಿಟ್ಟುಬಿಡು ಅನ್ನುವ ಉಪದೇಶ ಇದಲ್ಲ. ಆಡಿಸುವವನು ನೀನು, ಕತೆ ನಡೆಸುವವನು ನೀನು. ಮುಂದಿನ ಸಲ ಯಾರಾದರೂ ಕತ್ತಿ ಹಿರಿಯುವ ಮೊದಲು ನಿನ್ನನ್ನೇ ಒಂದು ಮಾತು ಕೇಳಿಕೋ: ಹಸು ಎಲ್ಲಿ?

ನಗಬೇಡ. ಧರ್ಮಪುರಿಯ ಸರ್ಕಾರಿ ಮ್ಯೂಸಿಯಮ್ಮಿಗೆ ಚಿಕ್ಕವನಿದ್ದಾಗ ನಿನ್ನನ್ನು ಕರೆದೊಯ್ದಿದ್ದೆ, ಅಲ್ಲಿ ಸಾಲಾಗಿ ನಿಂತ ಕಲ್ಲುಗಳು ನೆನಪಿವೆಯಾ? ನಾವು ವೀರಗಲ್ಲು ಅನ್ನುವುದನ್ನು ಇಲ್ಲಿನವರು ನಡುಕಲ್ ಅನ್ನುತ್ತಾರೆ. ಈ ಸೀಮೆಯ ಹಳೆಯ ಹೆಸರು ತಗಡೂರು. ಒಂದು ಕಾಲದಲ್ಲಿ ನೊಳಂಬರು ಆಳಿದ್ದು, ಕನ್ನಡ ಶಾಸನಗಳೂ ಇಲ್ಲಿ ಸಿಕ್ಕಿವೆ. ಆ ಕಲ್ಲುಗಳಲ್ಲಿ ಬಿಲ್ಲು, ಕಠಾರಿ ಹಿಡಿದು ನಿಂತವರಲ್ಲಿ ಬಹಳ ಮಂದಿ ಸತ್ತದ್ದು ದನಕ್ಕಾಗಿ. ದನದ ಮಂದೆಗೆ ತಮಿಳು ಕಲ್ಲು ತೊರು ಅನ್ನುತ್ತದೆ, ನಮ್ಮ ಹಳಗನ್ನಡ ತುರು ಅನ್ನುತ್ತದೆ. ಒಂದೇ ಮಾತು, ಒಂದೇ ಜಗಳ. ತುರುಗೋಳಿಗೆ ಬಂದವನಿಗೆ ಬೇಕಾದದ್ದು ಹಸು, ಕಾಯುವವನ ಹೆಣವಲ್ಲ. ಕಾಯುವವನಿಗೂ ಬೇಕಾದದ್ದು ಹಸುವೇ. ಹಸು ಬಿಟ್ಟು ಓಡಿದವನನ್ನು ಯಾರೂ ಬೆನ್ನಟ್ಟಿ ಕಾಡುಪಾಲಾಗುವುದಿಲ್ಲ. ಓದಿದವರಿಂದ ನಾನು ಕೇಳಿ ತಿಳಿದ ಕಲ್ಲುಗಳು ಹೇಳುವುದಿಷ್ಟು: ಯಾವ ಅರಸನ ಕಾಲ, ಯಾರ ಆಳು, ಯಾವ ಊರಿನ ದನ, ಬಿದ್ದವನ ಹೆಸರು. ಎಷ್ಟು ಏಟು ಹೊಡೆದ ಅನ್ನುವ ಲೆಕ್ಕ ಅಲ್ಲಿಲ್ಲ. ಮಂಡ್ಯದ ಕಡೆ ಆತಕೂರಿನಲ್ಲಂತೂ ಹಂದಿಯ ಮೇಲೆ ಬಿದ್ದು ಸತ್ತ ನಾಯಿಗೇ ಕಲ್ಲು ನೆಟ್ಟಿದ್ದರು, ಅದರ ಹೆಸರು ಕಾಳಿ. ನಿನ್ನ ಎಂಟು ಗಾಬ್ಲಿನ್‌ಗಳಲ್ಲಿ ಒಂದಕ್ಕಾದರೂ ಹೆಸರಿತ್ತಾ?

ವಿರಾಟಪರ್ವ ತೆಗೆದುಕೋ. ಮಳೆ ಹೋದರೆ ಕನ್ನಡನಾಡಿನಲ್ಲಿ ಅದನ್ನು ಓದಿಸುತ್ತಿದ್ದರು. ಅಲ್ಲಿಯೂ ದನದ್ದೇ ಜಗಳ. ಎದುರಿಗೆ ಭೀಷ್ಮ, ದ್ರೋಣ, ಕರ್ಣ, ದುರ್ಯೋಧನ. ಈ ಕಡೆ ಹೆದರಿ ರಥದಿಂದ ಹಾರಿ ಓಡಿದ ಉತ್ತರಕುಮಾರ, ಜೊತೆಗೆ ಬೃಹನ್ನಳೆಯೆಂಬ ಹೆಣ್ಣುವೇಷದ ಅರ್ಜುನ. ನಿನ್ನ ಮೇಜಿನ ಮೇಲಾದರೆ ಇದು ಮೂರು ಭಾನುವಾರದ ಹೊಡೆದಾಟ. ಅರ್ಜುನ ಕೊನೆಗೆ ಮಾಡಿದ್ದೇನು? ಸಮ್ಮೋಹನಾಸ್ತ್ರ ಬಿಟ್ಟು ಮಲಗಿಸಿದ. ಉತ್ತರೆ ಗೊಂಬೆಗಳಿಗೆ ಬಟ್ಟೆ ತಂದುಕೊಡು ಅಂದಿದ್ದಳಲ್ಲ, ಮೈಮರೆತು ಬಿದ್ದವರ ಮೇಲುವಸ್ತ್ರಗಳನ್ನು ಕುಮಾರನಿಂದ ತೆಗೆಸಿದ, ಭೀಷ್ಮನ ಹತ್ತಿರ ಮಾತ್ರ ಹೋಗಬೇಡ, ಆತನಿಗೆ ಈ ಅಸ್ತ್ರದ ಮರುಮದ್ದು ಗೊತ್ತು ಅಂತ ಎಚ್ಚರಿಸಿ. ಹಸು ಮನೆಗೆ ಬಂತು, ಗೊಂಬೆಗೆ ಬಟ್ಟೆ ಬಂತು. ಕರ್ಣ ಉಳಿದ, ಮುಂದೆ ಕರ್ಣಪರ್ವ ಆಗಬೇಕಿತ್ತಲ್ಲ. ಶತ್ರುವನ್ನು ಸಾಯಿಸದೆ ಗೆಲ್ಲುವುದು ಕತೆಗಾರನಿಗೆ ಎಷ್ಟು ದೊಡ್ಡ ಲಾಭ ನೋಡು.

ನಿನ್ನ ಆಟದ ಹಿರಿಯರಿಗೂ ಇದು ಗೊತ್ತಿತ್ತು. ನೀನು ಬಿಟ್ಟುಹೋದ ಪುಸ್ತಕಗಳನ್ನು ಓದಿದೆ, ಕನ್ನಡಕ ಬದಲಿಸುವಷ್ಟು ಸಣ್ಣಕ್ಷರ. 1971ರ ಚೈನ್‌ಮೇಲ್ ಎಂಬ ಬೊಂಬೆ ಸೈನಿಕರ ಯುದ್ಧದಾಟದಿಂದ ಬೆಳೆದು, 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಕೈಯಲ್ಲಿ ಡಂಜನ್ಸ್ ಅಂಡ್ ಡ್ರಾಗನ್ಸ್ ಆಯಿತಂತೆ. ಹುಟ್ಟೇ ಯುದ್ಧದಿಂದ, ಹಾಗಾಗಿ ಕಾದಾಟ ಅದರ ರಕ್ತದಲ್ಲಿದೆ. ಆದರೆ 1981ರ ಬೇಸಿಕ್ ಪುಸ್ತಕ ನೋಡು. ಗಾಬ್ಲಿನ್ ಕೊಂದರೆ ಪಾತ್ರಕ್ಕೆ 5 ಅನುಭವದ ಅಂಕ. ಗುಹೆಯಿಂದ ನೂರು ಚಿನ್ನದ ನಾಣ್ಯ ಹೊತ್ತು ತಂದರೆ 100 ಅಂಕ. ಯಾವ ಬುದ್ಧಿವಂತ ಹೊಡೆದಾಡುತ್ತಾನೆ? ಎದುರಾದ ಪ್ರಾಣಿ ಮೇಲೆ ಬೀಳುತ್ತದೋ ಮಾತಾಡುತ್ತದೋ ಅನ್ನುವುದಕ್ಕೆ ಎರಡು ದಾಳ. ಮೊದಲ ಸಾವಾದಾಗೊಮ್ಮೆ, ಅರ್ಧ ಮಂದಿ ಬಿದ್ದಾಗೊಮ್ಮೆ ಉಳಿದವುಗಳ ಧೈರ್ಯಕ್ಕೆ ಮತ್ತೆ ಎರಡು ದಾಳ, ಅದು ಕೆಟ್ಟರೆ ಓಟ. ನೀವು ಆಡುವ 2014ರ ನಿಯಮದಲ್ಲಿ ಅದೇ ಗಾಬ್ಲಿನ್ನಿಗೆ 50 ಅಂಕ, ಚಿನ್ನ ತಂದದ್ದಕ್ಕೆ ಅಂಕವಿಲ್ಲ. ಕೂಲಿ ಯಾವುದಕ್ಕೆ ಕೊಡುತ್ತೀಯೋ ಆ ಕೆಲಸ ನಡೆಯುತ್ತದೆ, ಹುಡುಗರನ್ನು ಬೈದು ಪ್ರಯೋಜನವಿಲ್ಲ.

ಹಳೆಯದೆಲ್ಲ ಒಳ್ಳೆಯದು ಅನ್ನುತ್ತಿಲ್ಲ. ಒಂದೇ ಏಟಿಗೆ ಸಾಯುವ ಆ ಕಾಲದ ಪಾತ್ರಕ್ಕಿಂತ ನಿಮ್ಮದು ಮೇಲು ಅಂತ ನನಗೂ ಅನ್ನಿಸಿತು. ಧೈರ್ಯ ನೋಡುವ ಆ ದಾಳವನ್ನು ಮಾತ್ರ ಎರವಲು ತಂದುಕೋ. ನಿನ್ನ ಎಂಟರಲ್ಲಿ ನಾಲ್ಕು ಬಿದ್ದ ಮೇಲೆ ಉಳಿದ ನಾಲ್ಕು ಓಡಿದ್ದರೆ ಆ ಹುಡುಗ ತೂಕಡಿಸುತ್ತಿರಲಿಲ್ಲ.

ಇನ್ನು ಇಲ್ಲಿನ ಬೀದಿಯಾಟ ಕೂತ್ತಿನ ಮಾತು. ನಮ್ಮ ಸೀಮೆಯ ದ್ರೌಪದಿ ಅಮ್ಮನ ಜಾತ್ರೆಯಲ್ಲಿ ಹಗಲು ಭಾರತದ ಕತೆ, ರಾತ್ರಿ ತೆರುಕ್ಕೂತ್ತು. ಸ್ವಯಂವರಕ್ಕೆ ಒಂದು ರಾತ್ರಿ, ಜೂಜಿಗೆ ಮತ್ತು ಸೀರೆ ಸೆಳೆಯುವುದಕ್ಕೆ ಒಂದು ರಾತ್ರಿ, ಅರ್ಜುನನ ತಪಸ್ಸಿಗೆ ಒಂದು, ಕೃಷ್ಣ ಸಂಧಾನಕ್ಕೆ ಒಂದು. ಯುದ್ಧ ಬರುವ ಹೊತ್ತಿಗೆ ಜಾತ್ರೆ ಬಹುಪಾಲು ಮುಗಿದಿರುತ್ತದೆ. ವೇಷ ರಂಗಕ್ಕೆ ಬಂದರೆ ಸೂತ್ರಧಾರನಾದ ಕಟ್ಟಿಯಕ್ಕಾರನ್ ತಡೆದು ‘ಯಾರಪ್ಪ ನೀನು’ ಅನ್ನುತ್ತಾನೆ. ದುರ್ಯೋಧನನಾದರೂ ತನ್ನ ಕುಲ, ತನ್ನ ಸಂಕಟ ಹಾಡಿ ಹೇಳಿಕೊಳ್ಳದೆ ಗದೆ ಎತ್ತುವಂತಿಲ್ಲ. ಕೊನೆಯ ದಿನ ಬೆಳಗ್ಗೆ ಬಯಲಿನಲ್ಲಿ ಮಣ್ಣಿನ ದುರ್ಯೋಧನ ಅಂಗಾತ ಮಲಗಿರುತ್ತಾನೆ. ಭೀಮನ ವೇಷದವನು ತೊಡೆಗೆ ಗದೆಯಿಂದ ಬಾರಿಸುತ್ತಾನೆ, ದ್ರೌಪದಿ ಸೀರೆ ಸೆಳೆದ ರಾತ್ರಿ ಬಿಚ್ಚಿದ್ದ ಮುಡಿ ಕಟ್ಟಿಕೊಳ್ಳುತ್ತಾಳೆ. ಒಂದೇ ಒಂದು ಏಟು ಮಗಾ, ಅದೂ ಮಣ್ಣಿಗೆ. ಆ ಮುಡಿ ಬಿಚ್ಚಿದ ರಾತ್ರಿಯಿಂದ ಕಾದು ಕೂತ ಹೆಂಗಸರು ಅಳುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ನಿನ್ನ ಕತೆಯಲ್ಲೂ ಅಂಥದೊಂದು ಮುಡಿ ಮೊದಲೇ ಬಿಚ್ಚಿರಲಿ, ಆಮೇಲೆ ದಾಳ ಎಷ್ಟು ಹೊತ್ತು ಉರುಳಿದರೂ ಯಾರೂ ಮೊಬೈಲು ತೆಗೆಯುವುದಿಲ್ಲ.

ಬೇಸಿಗೆ ರಜೆಗೆ ಬರುವಾಗ ದಾಳದ ಚೀಲ ಮರೆಯಬೇಡ. ನನಗೂ ಒಂದು ಪಾತ್ರ ಬರೆದಿಡು. ವಯಸ್ಸಾದವನು ಅಂತ ವೈದ್ಯನದೋ ಪೂಜಾರಿಯದೋ ಕೊಟ್ಟೀಯೆ, ನನಗೆ ಕತ್ತಿ ಬೇಕು.