ವೀಡಿಯೊ ಕರೆಯಲ್ಲಿ ರಾಸು ತೋರಿಸುವಾಗ ಚಿತ್ರ ತಡವಾದರೆ



ಕಾಯಿಲೆ ಬಿದ್ದ ರಾಸನ್ನು ಮೊಬೈಲಿನ ವೀಡಿಯೊ ಕರೆಯಲ್ಲಿ ಪಶುವೈದ್ಯರಿಗೆ ತೋರಿಸುವುದು ಒಳ್ಳೆಯ ರೂಢಿ. ಆದರೆ ಕುಂತೂರಿನಂಥ ಹಳ್ಳಿಯ ಕೊಟ್ಟಿಗೆಯಿಂದ ಹೋಗುವ ಚಿತ್ರ ಕೆಲವೊಮ್ಮೆ ನಿಂತು ನಿಂತು ಹೋಗುತ್ತದೆ. ಅಂಥ ಚಿತ್ರ ನೋಡಿ ಉಸಿರು ಎಣಿಸಿದರೆ ಲೆಕ್ಕ ತಪ್ಪುತ್ತದೆ. ಲೆಕ್ಕ ತಪ್ಪಿದರೆ ಸಲಹೆಯೂ ತಪ್ಪಬಹುದು.

ತಡವಾಗುವುದೇಕೆ?

ಚಿತ್ರವು ಸಾಮಾನ್ಯವಾಗಿ ನಿಮ್ಮ ಫೋನಿನಿಂದ ಟವರಿಗೆ, ಅಲ್ಲಿಂದ ‘ಕ್ಲೌಡ್’ ಎನ್ನುವ ದೂರದ ಕಂಪ್ಯೂಟರಿಗೆ, ನಂತರ ವೈದ್ಯರ ಫೋನಿಗೆ ಹೋಗುತ್ತದೆ. ಕೆರೆಯ ತೂಬು ಕಿರಿದಾದರೆ ನೀರು ಹಿಂದೆ ನಿಲ್ಲುವಂತೆ, ಸಿಗ್ನಲ್ ಕಡಿಮೆಯಾದರೆ ಚಿತ್ರ ಹಿಂದೆ ಉಳಿಯುತ್ತದೆ.

‘ಸಿನಿಮಾ ಚೆನ್ನಾಗಿ ಬರುತ್ತದಲ್ಲ?’ ಎಂದು ತಾವು ಕೇಳಬಹುದು. ಸಿನಿಮಾ ಸ್ವಲ್ಪ ಮುಂಚಿತವಾಗಿಯೇ ಬಂದು ಫೋನಿನಲ್ಲಿ ಶೇಖರವಾಗಿರುತ್ತದೆ. ನೇರ ಕರೆಗೆ ಈ ಅನುಕೂಲವಿಲ್ಲ. ಅಲ್ಲದೆ ಚಿತ್ರ ತರಿಸಿಕೊಳ್ಳುವ ದಾರಿಗಿಂತ ಕಳುಹಿಸುವ ದಾರಿ ಸಾಮಾನ್ಯವಾಗಿ ಕಿರಿದು.

ಮಾಡಬೇಕಾದ್ದು

1. ತಗಡಿನ ಶೀಟು ಸಿಗ್ನಲ್ ತಡೆಯುತ್ತದೆ. ರಾಸು ನಡೆಯುವಂತಿದ್ದರೆ ಹೊರಗೆ, ಬೆಳಕಿರುವ ನೆರಳಿನಲ್ಲಿ ಕಟ್ಟಿ. ಮನೆಯ ವೈಫೈ ಕೊಟ್ಟಿಗೆಗೆ ಸರಿಯಾಗಿ ತಲುಪದಿದ್ದರೆ ಅದನ್ನು ಆರಿಸಿ, ಸಿಮ್ಮಿನ ಡೇಟಾ ಬಳಸಿ.

2. ಫೋನನ್ನು ಕಂಬಕ್ಕೆ ಒರಗಿಸಿ ಹಿಡಿಯಿರಿ. ಅಲುಗಾಡಿದಷ್ಟೂ ಕಳುಹಿಸಬೇಕಾದ ಹೊರೆ ಹೆಚ್ಚುತ್ತದೆ.

3. ಅದೇ ಫೋನಿನಿಂದ ಮತ್ತೊಬ್ಬರಿಗೆ ಹಂಚಿರುವ ಹಾಟ್‌ಸ್ಪಾಟ್ ಮತ್ತು ತೆರೆದಿರುವ ಇತರ ಆ್ಯಪ್‌ಗಳನ್ನು ನಿಲ್ಲಿಸಿ.

4. ಆದರೂ ಸರಿಹೋಗದಿದ್ದರೆ ಚಿತ್ರ ನಿಲ್ಲಿಸಿ ಮಾತು ಮಾತ್ರ ಮುಂದುವರಿಸಿ. ಮಾತಿಗೆ ಡೇಟಾ ಬಹಳ ಕಡಿಮೆ ಸಾಕು. ರಾಸಿನ ಮುಖ, ಎಡಪಕ್ಕೆ, ಸಗಣಿ ಇವನ್ನು ಅರ್ಧ ನಿಮಿಷ ಚಿತ್ರೀಕರಿಸಿ ಕಳುಹಿಸಿ. ಹೀಗೆ ಕಳುಹಿಸಿದ್ದು ತಡವಾಗಿ ತಲುಪಿದರೂ ನಡುವೆ ತುಂಡಾಗುವುದಿಲ್ಲ.

5. ಉಸಿರನ್ನು ತಾವೇ ಎಣಿಸಿ. ಪಕ್ಕೆ ಒಮ್ಮೆ ಉಬ್ಬಿ ಇಳಿದರೆ ಒಂದು ಉಸಿರು. ಗಡಿಯಾರ ನೋಡಿ ಪೂರ್ತಿ ಒಂದು ನಿಮಿಷ ಎಣಿಸಬೇಕು. ವಿಶ್ರಾಂತಿಯಲ್ಲಿರುವ ದೊಡ್ಡ ಹಸುವಿಗೆ ಸಾಮಾನ್ಯವಾಗಿ 10ರಿಂದ 30, ಬಿಸಿಲಿಗೆ ಹೆಚ್ಚುತ್ತದೆ. ಗುದದಲ್ಲಿ ಥರ್ಮಾಮೀಟರ್ ಇಟ್ಟು ಜ್ವರ ನೋಡಿ. 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಸಹಜ. ಈ ಎರಡು ಅಂಕಿಗಳನ್ನು ಬಾಯಲ್ಲಿ ಹೇಳಿದರೆ, ತಡವರಿಸುವ ಚಿತ್ರಕ್ಕಿಂತ ವೈದ್ಯರಿಗೆ ಹೆಚ್ಚು ಉಪಯೋಗ.

ಎಚ್ಚರಿಕೆ

ಎಡಹೊಟ್ಟೆ ಉಬ್ಬಿ ರಾಸು ಏದುಸಿರು ಬಿಡುತ್ತಿದ್ದರೆ, ಕರು ಹಾಕಿದ ಹಸು ಕತ್ತು ಪಕ್ಕೆಗೆ ತಿರುಗಿಸಿ ಮಲಗಿ ಏಳದಿದ್ದರೆ, ಕರುವಿನ ಕಾಲು ಕಂಡೂ ಕರು ಹೊರಬಾರದಿದ್ದರೆ ಚಿತ್ರ ಸರಿಹೋಗಲೆಂದು ಕಾಯಬೇಡಿ. ಕರು ಹಾಕಿದ ಮೇಲೆ ಬರುವ ‘ಹಾಲುಜ್ವರ’ದಲ್ಲಿ ಮೈ ಬಿಸಿಯಾಗುವುದಿಲ್ಲ, ಕಿವಿ ತಣ್ಣಗಿರುತ್ತವೆ, ಜ್ವರವಿಲ್ಲವೆಂದು ಸುಮ್ಮನಿರಬಾರದು. ಕೂಡಲೇ ಸಾದಾ ಕರೆಯಲ್ಲಿ ಪಶುವೈದ್ಯರಿಗೆ ಅಥವಾ 1962ಕ್ಕೆ ತಿಳಿಸಿ. ಸಾದಾ ಕರೆಗೆ ಇಂಟರ್‌ನೆಟ್ ಬೇಕಿಲ್ಲ.

ಥರ್ಮಾಮೀಟರ್ ಒಂದನ್ನು ಪ್ರತಿ ಸದಸ್ಯರೂ ಮನೆಯಲ್ಲಿ ಇಟ್ಟುಕೊಳ್ಳಬೇಕೆಂದು ಕೋರಿದೆ.